ಸ್ಪಷ್ಟನೆ: ಸ್ಕಾಟ್ಲೆಂಡಿನ ಕ್ಲಾನ್‌ಗಳ (ಕುಲಗಳ) ಚೌಕಳಿ ಬಟ್ಟೆ ಅಷ್ಟು ಹಳೆಯದಲ್ಲ

‘ಸ್ಕಾಟ್ಲೆಂಡಿನ ಪ್ರತಿ ಕ್ಲಾನ್‌ಗೂ ಸಾವಿರ ವರ್ಷದಿಂದ ತನ್ನದೇ ಟಾರ್ಟನ್ ಚೌಕಳಿ ಇದೆ, ಯುದ್ಧದಲ್ಲಿ ಅದನ್ನು ನೋಡಿಯೇ ತಮ್ಮವರನ್ನು ಗುರುತಿಸುತ್ತಿದ್ದರು’ ಎಂಬ ಮೆಸೇಜ್ ಓಡಾಡುತ್ತಿದೆ. ನಾನೂ ಹೋದ ವಾರ ನಾಲ್ಕು ಗ್ರೂಪಿಗೆ ಕಳಿಸಿದ್ದೆ. ಅದು ತಪ್ಪು.

ಚೌಕಳಿ ಬಟ್ಟೆ ಹಳೆಯದು, ನಿಜ. ಆದರೆ ಒಂದು ಕ್ಲಾನ್‌ಗೆ ಒಂದು ಚೌಕಳಿ ಎಂಬ ಪದ್ಧತಿ ಗಟ್ಟಿಯಾಗಿದ್ದು 19ನೇ ಶತಮಾನದಲ್ಲಿ. 1746ರಲ್ಲಿ ಬ್ರಿಟಿಷ್ ಸರ್ಕಾರದ ಸೇನೆಗೂ ಬಂಡುಕೋರರಿಗೂ ನಡೆದ ಕಲೋಡನ್ ಯುದ್ಧದ ಬಗ್ಗೆ ಕಲಾವಿದ ಡೇವಿಡ್ ಮೋರಿಯರ್ ಬರೆದ ಚಿತ್ರ ನೋಡಿ. ಸ್ಕಾಟ್ಲೆಂಡಿನ ಗುಡ್ಡಗಾಡು ಪ್ರದೇಶವಾದ ಹೈಲ್ಯಾಂಡಿನ ಒಬ್ಬನೇ ಸೈನಿಕನ ಮೈಮೇಲೆ ಕೋಟು ಒಂದು ಚೌಕಳಿ, ಕಾಲುಚೀಲ ಇನ್ನೊಂದು! ಆಗ ಬಂಡುಕೋರರ ಗುರುತಿಗೆ ಇದ್ದದ್ದು ಟೋಪಿಯ ಬಿಳಿ ರಿಬ್ಬನ್ ಹೂವು.

ಆ ಯುದ್ಧದ ನಂತರ ಹೈಲ್ಯಾಂಡ್ ಗಂಡಸರ ಉಡುಪಿಗೇ ನಿಷೇಧ ಬಂತು, 1782ರಲ್ಲಿ ತೆಗೆದರು. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಕ್ಲಾನ್ ಮುಖ್ಯಸ್ಥರಿಂದ ಅವರವರ ಕ್ಲಾನ್‌ನ ಟಾರ್ಟನ್ ತುಂಡು ಕೇಳಿತು. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗಂತೂ ಬೇಡಿಕೆ ಜಾಸ್ತಿಯಾಯಿತು. ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ನೇಯ್ಗೆಯವರ ಕೆಲವು ಚೌಕಳಿಗಳಿಗೆ ಮೊದಲು ಬರೀ ನಂಬರ್ ಇತ್ತು, ಕ್ಲಾನ್ ಹೆಸರು ಸೇರಿದ್ದು ಆಮೇಲೆ.

ಇನ್ನೊಂದು ಮಾತು. ಹೈಲ್ಯಾಂಡಿನ ಗೇಲಿಕ್ ಭಾಷೆಯಲ್ಲಿ ‘ಕ್ಲಾನ್’ ಅಂದರೆ ಮಕ್ಕಳು. ಆದರೂ ಎಲ್ಲರೂ ರಕ್ತಸಂಬಂಧಿಗಳಲ್ಲ, ಮುಖ್ಯಸ್ಥನ ಆಸರೆಯಲ್ಲಿದ್ದ ಎಷ್ಟೋ ಒಕ್ಕಲುಗಳು ಅವನ ಹೆಸರನ್ನೇ ಇಟ್ಟುಕೊಂಡವು.

ದಯವಿಟ್ಟು ಹಳೆಯ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ನನ್ನಿಂದ ಬಂದಿದ್ದರೆ ಅಳಿಸಿಬಿಡಿ.