ಮುದ್ದೆ ಬಿಟ್ಟರೆ ತೂಕ ಇಳಿಯುತ್ತದೆಯೇ? ಒಂದು ಸ್ಪಷ್ಟನೆ

ರಾಗಿ ಮುದ್ದೆಯನ್ನು ಪೂರ್ತಿ ಬಿಟ್ಟು ಮೊಟ್ಟೆ, ಕೋಳಿ ಮತ್ತು ಪ್ರೋಟೀನ್ ಪುಡಿಯನ್ನಷ್ಟೇ ಸೇವಿಸಿದರೆ ತೂಕ ಇಳಿಯುತ್ತದೆ, ಪ್ರೋಟೀನ್ ಎಷ್ಟು ತಿಂದರೂ ಕೊಬ್ಬಾಗುವುದಿಲ್ಲ ಎಂಬ ಸಂದೇಶವೊಂದು ಕೋಲಾರದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಅರೆಸತ್ಯ.

ಪ್ರೋಟೀನ್ ಹೆಚ್ಚಿರುವ ಊಟ ಹಸಿವನ್ನು ಬಹಳ ಹೊತ್ತು ತಡೆಯುತ್ತದೆ, ತೂಕ ಇಳಿಯುವಾಗ ಸ್ನಾಯು ಕರಗುವುದನ್ನು ತಗ್ಗಿಸುತ್ತದೆ, ಮತ್ತು ಅದರಿಂದ ಸಿಗುವ ಶಕ್ತಿಯಲ್ಲಿ ಶೇ 20ರಿಂದ 30ರಷ್ಟು ಅದನ್ನು ಅರಗಿಸುವುದಕ್ಕೇ ಖರ್ಚಾಗುತ್ತದೆ ಎಂಬುದು ನಿಜ. ಆದರೆ ಪಿಷ್ಟದಂತೆಯೇ ಒಂದು ಗ್ರಾಂ ಪ್ರೋಟೀನ್‌ನಲ್ಲಿಯೂ ಸುಮಾರು 4 ಕಿಲೊಕ್ಯಾಲೊರಿ ಇರುವುದರಿಂದ, ಒಟ್ಟು ಆಹಾರ ಅಗತ್ಯವನ್ನು ಮೀರಿದರೆ ತೂಕ ಏರಿಯೇ ಏರುತ್ತದೆ. ಮೊದಲ ವಾರದ ದಿಢೀರ್ ಇಳಿಕೆಯಲ್ಲಿ ಹೆಚ್ಚಿನ ಪಾಲು ನೀರಿನದು. ಸಂದೇಶ ಕಳುಹಿಸುವವರು ಹೆಮ್ಮೆಪಡುವುದು ಸಾಮಾನ್ಯವಾಗಿ ಆ ವಾರದ ಬಗ್ಗೆಯೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕೆ.ಜಿ. ತೂಕದವರಿಗೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು. ತೂಕ ಇಳಿಸುವವರು ಇದಕ್ಕಿಂತ ಸ್ವಲ್ಪ ಹೆಚ್ಚು ಸೇವಿಸಬಹುದಾದರೂ, ಮೂತ್ರಪಿಂಡದ ಕಾಯಿಲೆಯುಳ್ಳವರು, ಮಧುಮೇಹದಿಂದ ಮೂತ್ರಪಿಂಡ ಬಳಲಿರುವವರು ವೈದ್ಯರನ್ನು ಕೇಳದೆ ಪ್ರಮಾಣ ಹೆಚ್ಚಿಸಬಾರದು.

ನಾರು ಮತ್ತು ಕ್ಯಾಲ್ಸಿಯಂ ಹೇರಳವಾಗಿರುವ ರಾಗಿಯನ್ನು ದೂರವಿಡುವ ಬದಲು ಮುದ್ದೆಯ ಗಾತ್ರವನ್ನು ಕಿರಿದಾಗಿಸಿ, ಹುರುಳಿ ಅಥವಾ ಅವರೆಕಾಳಿನ ಸಾರಿನಲ್ಲಿ ಕಾಳನ್ನು ಹೆಚ್ಚಿಸಿಕೊಳ್ಳಬಹುದು.