ಮೀಸೆಯಜ್ಜನ ಎಂಟಾಣೆ ಬಾಕಿ

ಕೊಡಗಿನ ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ ಜಗಲಿಯಲ್ಲಿ, ಕೋವಿ ತೂಗುಹಾಕುವ ಮೊಳೆಯ ಪಕ್ಕ, ಮೀಸೆಯಜ್ಜನ ಫೋಟೋ ಇದೆ. ಕರಿ ಕೋಟು, ಪೇಟ, ಎರಡೂ ತುದಿ ಆಕಾಶ ನೋಡುವ ಮೀಸೆ. ದೊಡ್ಡಪ್ಪನ ಪ್ರಕಾರ ಇವರು 1837ರ ಅಮರಸುಳ್ಯ ದಂಗೆಯಲ್ಲಿ ಬ್ರಿಟಿಷರ ಮೇಲೆ ಏರಿಹೋದವರು. ನಾನು ಪ್ರೈಮರಿಯಲ್ಲಿದ್ದಾಗ ಅಜ್ಜ ಸುಳ್ಯದವರೆಗೆ ಮಾತ್ರ ಹೋಗಿದ್ದರು. ನಾನು ಪಿಯುಸಿಗೆ ಬರುವಷ್ಟರಲ್ಲಿ ಪುತ್ತೂರು ದಾಟಿದ್ದರು. ಈಗ ಮಂಗಳೂರಿನ ಬಾವುಟಗುಡ್ಡ ಹತ್ತಿ ನಿಂತಿದ್ದಾರೆ. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬಕ್ಕೆ ಪ್ರತಿ ವರ್ಷ, ಹಿರಿಯರಿಗೆ ಎಡೆ ಇಟ್ಟು ಎರಡು ಗುಟುಕು ಒಳಗೆ ಹೋದ ಮೇಲೆ, ಅಜ್ಜ ಇನ್ನೂ ಹತ್ತು ಮೈಲಿ ಮುಂದೆ ನಡೆಯುತ್ತಾರೆ. ಸಮುದ್ರ ಅಡ್ಡ ಬಂದದ್ದೇ ಪುಣ್ಯ.

ಕಳೆದ ಆಟಿ ತಿಂಗಳಲ್ಲಿ ಊರಿಗೆ ಹೋದವನು ಮಳೆಗೆ ಸಿಕ್ಕಿಬಿದ್ದೆ. ಭಾಗಮಂಡಲದ ಕಡೆಯ ಮಳೆ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಒಗೆದ ಬಟ್ಟೆಗೆ ಒಲೆಯೇ ಗತಿ. ಹೊತ್ತು ಹೋಗದೆ ವಂಶವೃಕ್ಷ ಬರೆಯಲು ಕೂತೆ. ಫೋನಿಗೆ ಅದಕ್ಕಂತಲೇ ಒಂದು ಆ್ಯಪ್ ಹಾಕಿಕೊಂಡಿದ್ದೆ. ಅದು ಮೊದಲು ಕೇಳಿದ್ದು ಹುಟ್ಟಿದ ತಾರೀಕು.

ಅಜ್ಜಿಯನ್ನು ಕೇಳಿದೆ. “ತಾರೀಕು ಗೊತ್ತಿಲ್ಲೆ ಮಗ, ಮಳೆ ಜೋರಿದ್ದ ವರ್ಷ,” ಎಂದರು. ಕೊಡಗಿನಲ್ಲಿ ಇದು ಯಾವ ವರ್ಷಕ್ಕೂ ಹೊಂದುವ ಗುರುತು. ಮುಂದೆ ಹೆಸರುಗಳ ಕಾಟ. ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಪದ್ಧತಿ ನಮ್ಮದು. ಹಾಗಾಗಿ ಸೋಮಯ್ಯನ ಮಗ ಬೆಳ್ಯಪ್ಪ, ಬೆಳ್ಯಪ್ಪನ ಮಗ ಸೋಮಯ್ಯ, ಆ ಸೋಮಯ್ಯನ ಮಗ ಮತ್ತೆ ಬೆಳ್ಯಪ್ಪ. ನಾಲ್ಕನೇ ತಲೆಮಾರಿಗೆ ಆ್ಯಪ್ ‘ಈ ವ್ಯಕ್ತಿಯನ್ನು ಈಗಾಗಲೇ ಸೇರಿಸಿದ್ದೀರಿ’ ಎಂದು ಗದರಿತು. ದಾಖಲೆಯಾದರೂ ನೋಡೋಣ ಅಂತ ತಲೆಮಾರುಗಳಿಂದ ಕುಟುಂಬಕ್ಕೆ ಬಂದ ಜಮ್ಮಾ ಬಾಣೆ ಜಮೀನಿನ ಪಹಣಿ ತೆಗೆದೆ. ಅದರಲ್ಲಿ ಪಟ್ಟೆದಾರರ, ಅಂದರೆ ಕುಟುಂಬದ ಯಜಮಾನರ ಜಾಗದಲ್ಲಿ ಮುತ್ತಜ್ಜನ ಹೆಸರೇ ಇದೆ. ನಾವು ವರ್ಷಾ ವರ್ಷಾ ಎಡೆ ಇಡುತ್ತಿದ್ದೇವೆ, ಪಹಣಿಯ ಪ್ರಕಾರ ಅವರು ತೋಟದಲ್ಲಿ ಕಾಫಿ ಕುಯ್ಯುತ್ತಿದ್ದಾರೆ.

ಉಳಿದದ್ದು ಮೀಸೆಯಜ್ಜನ ಫೋಟೋ. ಫೋನಿನಲ್ಲಿ ಒಂದು ಚಿತ್ರ ಹೊಡೆದು, ಎರಡು ಬೆರಳಲ್ಲಿ ಹಿಗ್ಗಿಸುತ್ತಾ ಹೋದೆ. ಕೋಟಿನ ಗುಂಡಿ ಕಂಡಿತು, ಹಿಂದಿನ ಪರದೆಯ ಮೇಲೆ ಬರೆದ ಹಂಸ ಕಂಡಿತು, ಎಡಗೈಯಲ್ಲಿ ಕೈಗಡಿಯಾರ ಕಂಡಿತು.

ಫೋಟೋ ತೆಗೆಯುವ ವಿದ್ಯೆ ಪ್ಯಾರಿಸ್‌ನಲ್ಲಿ ಲೋಕಕ್ಕೆ ಗೊತ್ತಾದದ್ದೇ 1839ರಲ್ಲಿ, ದಂಗೆ ಮುಗಿದು ಎರಡು ವರ್ಷಕ್ಕೆ. ಗಂಡಸರ ಕೈಗೆ ಗಡಿಯಾರ ಬಂದದ್ದಂತೂ ಮೊದಲನೇ ಮಹಾಯುದ್ಧದ ಹೊತ್ತಿಗೆ. ಅಲ್ಲಿಯವರೆಗೆ ಅದು ಸರಪಳಿ ಕಟ್ಟಿಕೊಂಡು ಕಿಸೆಯಲ್ಲಿರುತ್ತಿತ್ತು. ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಹೇಳಬಾರದಿತ್ತು.

“ಅದು ಕಡಗ.”

“ದೊಡ್ಡಪ್ಪ, ಮುಳ್ಳು ಕಾಣ್ತದೆ.”

“ಮುಳ್ಳಿನ ಕಡಗ.”

ಚೌಕಟ್ಟು ಬಿಚ್ಚಿದರೆ ಹಿಂದೆ ಏನಾದರೂ ಬರೆದಿರಬಹುದು ಅಂತ ಆಸೆ. ಕರೆಂಟು ಬಂದ ಒಂದು ಗಳಿಗೆ ನೋಡಿ ಮೊಳೆ ಕಿತ್ತೆ, ರಟ್ಟು ತೆಗೆದೆ. ಎರಡು ಬೆಳ್ಳಿಮೀನು ಹುಳ ಓಡಿದವು. ಫೋಟೋ ಮಾತ್ರ ಗಾಜನ್ನು ಬಿಟ್ಟು ಬರಲಿಲ್ಲ. ಅಷ್ಟು ಮಳೆಗಾಲದ ಥಂಡಿಗೆ ಫೋಟೋದ ಮೇಲಿನ ಪದರ ಮೆತ್ತಗಾಗಿ ಗಾಜಿಗೆ ಅಂಟಿಕೊಂಡಿತ್ತು. ಹಾಗಿದ್ದಾಗ ಎಳೆಯಲೇಬಾರದು, ಗಾಜಿನ ಸಮೇತ ಬಿಡಬೇಕು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ಗೊತ್ತಿದ್ದದ್ದು ಹೆಂಡತಿಯ ಹೇರ್ ಡ್ರೈಯರ್ ಎಲ್ಲಿದೆ ಎಂಬುದು. ಬಿಸಿಗಾಳಿ ಬಿಟ್ಟು, ಮೂಲೆಯಿಂದ ನಾಜೂಕಾಗಿ ಎತ್ತಿದೆ. ಪೇಟ ಬಂತು, ಹಣೆ ಬಂತು, ಮೂಗು ಬಂತು. ಆಮೇಲೆ ಪರ್ ಅಂತ ಒಂದು ಸಣ್ಣ ಸದ್ದು.

ಅಜ್ಜ ನನ್ನ ಕೈಯಲ್ಲಿದ್ದರು. ಮೀಸೆ ಗಾಜಿನ ಮೇಲಿತ್ತು.

ಮೀಸೆಯಿಲ್ಲದ ಅಜ್ಜ ಥೇಟ್ ನಮ್ಮ ದೊಡ್ಡತ್ತೆಯ ಹಾಗೆ ಕಂಡರು. ಆ ಜಾಗದಲ್ಲಿ ಬಿಳೀ ಕಾಗದ. ಬೆಲ್ಲ ಕದ್ದು ತಿಂದು ಬಾಯಿ ಒರೆಸಿಕೊಂಡವರ ಮುಖಭಾವ. ದೊಡ್ಡಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ ಎಂದು ತಿಳಿದದ್ದು ಅವರು ಕೆಮ್ಮಿದಾಗ. ಬೈಗುಳಕ್ಕೆ ತಲೆ ಬಗ್ಗಿಸಿ ಕೂತೆ. ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟ. ಫೋಟೋ ತೆಗೆದುಕೊಂಡು ಬೆನ್ನು ತಿರುಗಿಸಿ, ಕನ್ನಡಕ ಏರಿಸಿ, ಪೆನ್ಸಿಲಲ್ಲಿ ಗೀಚಿದ್ದ ಒಂದು ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಊರಿಲ್ಲ, ಇಸವಿಯಿಲ್ಲ, ಹೆಸರೂ ಪೂರ್ತಿಯಿಲ್ಲ. ‘ಗೌಡರು. ಬಾಕಿ 8 ಆಣೆ.’

“ಇದು ಯಾರೋ ಏನೋ, ನಮ್ಮವರೇ ಹೌದೋ ಅಲ್ಲವೋ,” ಎಂದು ನಾನು ರಾಗ ಎಳೆದೆ.

“ಬಾಕಿ ಇಟ್ಟು ಬಂದಿದ್ದಾರೆ ಅಂದ್ರೆ ನಮ್ಮವರೇ, ಸಂಶಯವೇ ಬೇಡ,” ಎಂದರು ದೊಡ್ಡಪ್ಪ.

ಆ ಸಂಜೆ ಇಬ್ಬರೂ ಕೂತು ಗಾಜನ್ನು ಫೋಟೋದ ಮೇಲಿಟ್ಟು, ಮೀಸೆಯನ್ನು ಮೂಗಿನ ಕೆಳಗೆ ತಂದು ಕೂರಿಸಿದೆವು. ಒಂದು ಕೂದಲೆಳೆಯಷ್ಟು ಎಡಕ್ಕೆ ಹೋಗಿದೆ. ಮೊದಲು ಸಿಟ್ಟಿನಲ್ಲಿದ್ದಂತೆ ಕಾಣುತ್ತಿದ್ದ ಅಜ್ಜ ಈಗ ಒಂದು ಬದಿಯಲ್ಲಿ ನಗುತ್ತಾರೆ, ಎಂಟಾಣೆ ಉಳಿಸಿದವರ ಹಾಗೆ.

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಬಂತು. ಕೋವಿಗೆ ಹೂವಿಟ್ಟಾಯಿತು, ಹಿರಿಯರಿಗೆ ಕಡುಬು, ಹಂದಿ ಸಾರು, ಒಂದು ಗ್ಲಾಸು ಇಟ್ಟಾಯಿತು. ಮಕ್ಕಳನ್ನೆಲ್ಲ ಫೋಟೋದ ಮುಂದೆ ಸೇರಿಸಿಕೊಂಡು ದೊಡ್ಡಪ್ಪ ಶುರುಮಾಡಿದರು. ಸುಳ್ಯ ಆಯಿತು, ಪುತ್ತೂರು ಆಯಿತು, ಬಾವುಟಗುಡ್ಡ ಬಂತು. ಅಲ್ಲಿ ಒಂದು ಗಳಿಗೆ ನಿಲ್ಲಿಸಿ, ನನ್ನ ಕಡೆ ನೋಡದೆ, ಕೋಲಿನ ತುದಿಯನ್ನು ಗಾಜಿನ ಮೇಲಿಟ್ಟರು.

“ಇಲ್ಲಿ ಕೈಯಲ್ಲಿ ಕಾಣ್ತದಲ್ಲ ಮಕ್ಕಳೇ, ಅದು ವಾಚು. ಬ್ರಿಟಿಷ್ ಸಾಹೇಬನ ಕೈಯಿಂದ ಬಿಚ್ಚಿಸಿಕೊಂಡದ್ದು.”