ಸತ್ಯಾಂಶ: ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್ ಅಲ್ಲ, ನಲ್ಲಿ ನೀರು

‘ಮಗುವಿನ ಮೇಲೆ ಬಿಸಿನೀರು ಬಿದ್ದರೆ ಪೇಸ್ಟ್ ಹಚ್ಚಿ, ತಣ್ಣೀರು ಹಾಕಿದರೆ ಬೊಬ್ಬೆ ಏಳುತ್ತದೆ’ ಎಂಬ ಸಂದೇಶ ಮೈಸೂರು, ಮಂಡ್ಯದ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡುತ್ತದೆ. ಇದು ತಪ್ಪು. ಬೊಬ್ಬೆ ಏಳುವುದು ಶಾಖದಿಂದ. ಪೇಸ್ಟ್ ಆ ಶಾಖವನ್ನು ಒಳಗೇ ಹಿಡಿದಿಡುತ್ತದೆ, ಆಮೇಲೆ ಅದನ್ನು ತೆಗೆಯುವಾಗ ಕೂಸಿಗೆ ಇನ್ನಷ್ಟು ನೋವು.

ಒದ್ದೆ ಬಟ್ಟೆ, ಬಳೆ, ಉಡಿದಾರ ತಕ್ಷಣ ತೆಗೆಯಿರಿ. ಚರ್ಮಕ್ಕೆ ಅಂಟಿದ್ದನ್ನು ಎಳೆಯಬೇಡಿ. ಸುಟ್ಟ ಜಾಗಕ್ಕೆ ಮಾತ್ರ 20 ನಿಮಿಷ ನಲ್ಲಿ ನೀರು ಬಿಡಿ. ಉಳಿದ ಮೈ ಬೆಚ್ಚಗಿರಲಿ, ಎಳೆಗೂಸಿನ ಮೈ ಬೇಗ ತಣ್ಣಗಾಗಿಬಿಡುತ್ತದೆ. ಐಸ್ ಬೇಡ. ಶುಭ್ರ ಬಟ್ಟೆ ಸಡಿಲವಾಗಿ ಹೊದಿಸಿ, ಗಾಯ ಚಿಕ್ಕದೆನಿಸಿದರೂ ಆಸ್ಪತ್ರೆಗೆ ಹೋಗಿ, ವಾಹನವಿಲ್ಲದಿದ್ದರೆ 108.

ಸ್ನಾನ ಮಾಡಿಸುವಾಗ ಹೀಗಾದರೆ, ಕೂಸಿಗೆ ನೀರೆರೆಯುತ್ತಿದ್ದ ಅಜ್ಜಿಯನ್ನು ದಯವಿಟ್ಟು ಬೈಯಬೇಡಿ. ಎಷ್ಟು ಹೊತ್ತಿಗೆ, ಎಷ್ಟು ಬಿಸಿಯ ನೀರು ಬಿತ್ತೆಂದು ವೈದ್ಯರಿಗೆ ಹೇಳಬೇಕಾದವರು ಅವರೇ. ಮುಂದೆ ಬಕೆಟ್ಟಿಗೆ ತಣ್ಣೀರು ಮೊದಲು, ಹಂಡೆಯ ನೀರು ಆಮೇಲೆ.